ಪುಟ್ಟಿಗೆ ಅಮ್ಮ ನೆನಪಿರುತ್ತಾಳಾ ಅಂತ ಕೇಳಿದೆಯಲ್ಲ

ಚಿ. ಅಪ್ಪಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಉಳಿದದ್ದನ್ನೆಲ್ಲ ಒಂದೇ ಸಲ ಓದಿ ಮಡಚಿಟ್ಟೆ. ಕೊನೆಯ ಪುಟದ ಎರಡು ಸಾಲು ಮಾತ್ರ ದಿನಾ ತೆಗೆದು ಓದುತ್ತಿದ್ದೇನೆ. 'ಮೂರು ಮೂರೂವರೆ ವರ್ಷಕ್ಕೆ ಮೊದಲಿನದು ದೊಡ್ಡವರಾದ ಮೇಲೆ ನೆನಪಿರುವುದಿಲ್ಲವಂತೆ ದೊಡ್ಡಪ್ಪ. ಹಾಗಾದರೆ ಪುಟ್ಟಿಯ ಪಾಲಿಗೆ ಅವಳ ಅಮ್ಮ ಇರಲೇ ಇಲ್ಲ ಅಂತಾಗುತ್ತಾ?'

ಅಡಿಕೆಯ ಕೊನೆಕೊಯ್ಲು ಶುರುವಾಗಿದೆ. ಹಗಲೆಲ್ಲ ಅಂಗಳದಲ್ಲಿ ಜನ. ಆಗ ಮರೆತಂತಿರುತ್ತೇನೆ. ರಾತ್ರಿ ದೀಪ ಆರಿಸಿದ ಕೂಡಲೇ ನಿನ್ನ ಆ ಪ್ರಶ್ನೆ ಬಂದು ಪಕ್ಕದಲ್ಲಿ ಕೂರುತ್ತದೆ.

ನೀನು ಓದಿದ್ದು ಸುಳ್ಳಲ್ಲ. ನಾನೂ ಪೇಪರಿನಲ್ಲಿ ಓದಿದ್ದೇನೆ. ಅಷ್ಟು ಚಿಕ್ಕ ವಯಸ್ಸಿನದು ಹೆಚ್ಚಿನವರಿಗೆ ಉಳಿಯುವುದಿಲ್ಲ. ನಿನ್ನ ಹೆಂಡತಿ ಹೋದಾಗ ಪುಟ್ಟಿಗೆ ಎರಡು ವರ್ಷ ಎಂಟು ತಿಂಗಳು. ಲೆಕ್ಕ ನೀನೂ ಮಾಡಿದ್ದೀಯ, ನಾನೂ ಮಾಡಿದೆ. ಎಲ್ಲ ಸರಿಹೋಗುತ್ತೆ ಮಗಾ ಅಂತ ಬರೆದುಬಿಡಬಹುದಿತ್ತು. ನಿನಗೆ ಹಾಗೆ ಬರೆಯಲು ನನಗೆ ಮನಸ್ಸು ಬರಲಿಲ್ಲ.

ನಿನ್ನ ದೊಡ್ಡಮ್ಮ ಹೋದಾಗ ನೀನು ತೊಟ್ಟಿಲಲ್ಲಿದ್ದೆ. 1989. ನಿನಗೆ ಅವಳು ಅಂದರೆ ಜಗಲಿಯ ಗೋಡೆಯ ಫೋಟೋ, ಅಷ್ಟೇ. ಆ ಫೋಟೋ ಕೂಡ ಅಲ್ಲಿಗೆ ಬಂದದ್ದು ಹದಿನೈದು ವರ್ಷ ಆದಮೇಲೆ. ಅಲ್ಲಿಯವರೆಗೆ ಅದು ಅಟ್ಟದ ಮೇಲೆ ಟ್ರಂಕಿನಲ್ಲಿತ್ತು. ಇಟ್ಟವನು ನಾನೇ.

ಅವಳ ತವರು ಸಾಗರ ತಾಲೂಕಿನ ಕರೂರು ಹೋಬಳಿ ಕಡೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ನೀರು ನಿಂತಾಗ ಅವಳಿಗೆ 12 ವರ್ಷ. ಮನೆ, ತೋಟ, ಗದ್ದೆ, ದೇವರ ಬನ, ಎಲ್ಲ ನೀರಿನಡಿಗೆ ಹೋಯಿತು. ಲಾರಿಯಲ್ಲಿ ಒರಳು, ಬಾಗಿಲು, ದೇವರ ಪೆಟ್ಟಿಗೆ ಹೇರಿಕೊಂಡು ಹೊರಟರಂತೆ. ಕೊಟ್ಟಿಗೆಯ ನಾಯಿ ಹತ್ತಲಿಲ್ಲವಂತೆ. ಅವಳು ಇಪ್ಪತ್ತನೇ ವರ್ಷಕ್ಕೆ ನಮ್ಮ ಮನೆಗೆ ಬಂದಳು. ಬಂದವಳು ಆ ಮುಳುಗಿದ ಮನೆಯನ್ನೂ ಜೊತೆಗೇ ತಂದಳು ಅಂತ ನನಗೆ ಅನ್ನಿಸುತ್ತಿತ್ತು.

ಅಡಿಕೆ ಸುಲಿಯುವ ರಾತ್ರಿಗಳು ನೆನಪಾಗುತ್ತವೆ. ಜಗಲಿಯಲ್ಲಿ ಗ್ಯಾಸ್ ಲೈಟು ಬುಸುಗುಡುತ್ತಿತ್ತು. ಸಾಲಾಗಿ ಮೆಟ್ಟುಗತ್ತಿ. ಅವಳು ಒಂದು ಕಾಲು ಮಡಚಿ ಮಣೆಯ ಮೇಲೆ ಕೂತರೆ ಏಳುತ್ತಿರಲಿಲ್ಲ. ಹಸಿ ಅಡಿಕೆಯನ್ನು ಕತ್ತಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಈ ಕಡೆ, ಬೆಟ್ಟೆ ಆ ಕಡೆ. ಕೈ ನೋಡುತ್ತಲೇ ಇರಲಿಲ್ಲ. ಬೆರಳೆಲ್ಲ ಕಪ್ಪು. ಭದ್ರಾವತಿ ಆಕಾಶವಾಣಿ ಮುಗಿದಮೇಲೆ ಅವಳ ಕಥೆ ಶುರು. ಹೊಸ ಕಥೆ ಏನಲ್ಲ, ಅದೇ ಮನೆ. 'ಅಂಗಳದಿಂದ ಜಗಲಿಗೆ ಏಳು ಮೆಟ್ಟಿಲು. ಐದನೇದು ಅಲ್ಲಾಡ್ತಿತ್ತು. ಅಪ್ಪಯ್ಯ ಪ್ರತಿ ವರ್ಷ ಸರಿ ಮಾಡಿಸ್ತೀನಿ ಅಂತಿದ್ದ, ಮಾಡಿಸಲಿಲ್ಲ. ಬಲಗಡೆ ಬಚ್ಚಲು. ಬಚ್ಚಲ ಹಿಂದೆ ಬಕ್ಕೆ ಹಲಸು.' ಮಕ್ಕಳು ಸಿಪ್ಪೆಯ ರಾಶಿಯ ಪಕ್ಕ ತೂಕಡಿಸುತ್ತಾ ಕೇಳುತ್ತಿದ್ದರು. ಹೇಳಿದ್ದನ್ನೇ ಎಷ್ಟು ಸಲ ಹೇಳ್ತೀಯ ಅಂತ ನಾನು ಒಂದೆರಡು ಸಲ ಗದರಿದ್ದೂ ಉಂಟು. ಬೇಸಿಗೆಯಲ್ಲಿ ನೀರು ಇಳಿದಾಗ ಒಮ್ಮೆ ಕರೆದುಕೊಂಡು ಹೋಗಿ, ಮನೆಯ ಅಡಿಪಾಯವಾದರೂ ಕಾಣುತ್ತೇನೋ ಅನ್ನುತ್ತಿದ್ದಳು. ಬರುವ ವರ್ಷ ಹೋಗೋಣ ಅನ್ನುತ್ತಾ ಬಂದೆ. ಕೊನೆಗೂ ಹೋಗಲಿಲ್ಲ.

ಅವಳು ಹೋದಮೇಲೆ ನಾನು ಮಾಡಿದ್ದು ಕೇಳು. ಸೀರೆಗಳನ್ನು ವರ್ಷದೊಳಗೆ ಕೊಟ್ಟುಬಿಟ್ಟೆ. ಫೋಟೋ ಅಟ್ಟಕ್ಕೆ ಹಾಕಿದೆ. ಜಗಲಿಯ ಗೋಡೆಯ ಮೇಲೆ ಯಾರು ಎಷ್ಟು ಡಬ್ಬ ಸುಲಿದರು ಅಂತ ಅವಳು ಮಸಿಯಲ್ಲಿ ಗೀಟು ಹಾಕಿ ಬರೆದ ಲೆಕ್ಕವಿತ್ತು. ದೀಪಾವಳಿಗೆ ಸುಣ್ಣ ಹೊಡೆಯುವಾಗ ಆಳು ಕೇಳಿದ, ಇದನ್ನು ಬಿಡಲಾ ಒಡೆಯಾ ಅಂತ. ಎಲ್ಲಾ ಹೊಡಿ ಅಂದೆ. ಮನೆಯಲ್ಲಿ ಅವಳ ಹೆಸರು ಎತ್ತುವುದು ನಿಂತಿತು. ಮಕ್ಕಳು ಅಳಬಾರದು ಅಂತ ಹಾಗೆ ಮಾಡಿದೆ ಅಂದುಕೊಂಡಿದ್ದೆ. ನಿಜ ಹೇಳುತ್ತೇನೆ, ಮಕ್ಕಳ ಎದುರು ನಾನು ಅಳಬಾರದು ಅಂತ ಹಾಗೆ ಮಾಡಿದೆ. ನಿನ್ನ ಅಕ್ಕನಿಗೆ ಆಗ ಒಂಬತ್ತು. ಅವಳಿಗೆ ಅಮ್ಮ ಚೆನ್ನಾಗಿ ನೆನಪಿದ್ದಳು. ಆದರೆ ನನ್ನ ಮುಖ ನೋಡಿ ಅವಳೂ ಬಾಯಿ ಮುಚ್ಚಿಕೊಂಡಳು. ನಿನ್ನ ಅಣ್ಣನಿಗೆ ನಾಲ್ಕು.

ಪುಟ್ಟಿಗೆ ಅಮ್ಮ ಇರಲೇ ಇಲ್ಲ ಅಂತಾಗುತ್ತಾ ಅಂತ ನೀನು ಕೇಳಿದೆಯಲ್ಲ, ಅದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು. ನನ್ನ ಮಗನಿಗೆ ಹಾಗಾಯಿತು. ವಯಸ್ಸು ಚಿಕ್ಕದು ಅಂತ ಮಾತ್ರ ಆದದ್ದಲ್ಲ. ನಾನು ಹೇಳಲಿಲ್ಲ, ಅದಕ್ಕೆ.

ಮೊನ್ನೆ ನವರಾತ್ರಿ ರಜೆಗೆ ನಿನ್ನ ಅಕ್ಕನ ಮಗ ಬಂದಿದ್ದ. ಹೊಸ ಸೇತುವೆ ನೋಡಬೇಕು ಅಂತ ಹಟ. ಜುಲೈನಲ್ಲಿ ಶುರುವಾಯಿತಲ್ಲ, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಅದು. ಲಾಂಚಿಗೆ ಕಾದು ಕೂರುತ್ತಿದ್ದ ಜಾಗದಲ್ಲಿ ಈಗ ಎರಡೂವರೆ ಕಿಲೋಮೀಟರಿನಷ್ಟು ಸೇತುವೆ. ನಡುವೆ ಇಳಿದು ನಿಂತೆವು. ಶರಾವತಿ ಹಿನ್ನೀರು ತುಂಬಿತ್ತು. ಹುಡುಗ ಕಂಬಿ ಹಿಡಿದುಕೊಂಡು ಕೆಳಗೆ ನೋಡಿ ಕೇಳಿದ, 'ಅಜ್ಜಾ, ಅಜ್ಜಿ ಮನೆ ಮೆಟ್ಟಿಲು ಇಲ್ಲೇ ಎಲ್ಲೋ ಇದೆ ಅಲ್ವಾ? ಐದನೇದು ಅಲ್ಲಾಡೋದು.'

ನನಗೆ ಕಾಲು ನಡುಗಿತು. ಅವನು ಆ ಮನೆ ನೋಡಿಲ್ಲ. ಅಜ್ಜಿಯನ್ನೂ ನೋಡಿಲ್ಲ. ಅವನ ಅಮ್ಮ ಕೂಡ ಆ ಮನೆ ನೋಡಿದವಳಲ್ಲ. ನೀರು ನಿಂತು ಅರವತ್ತು ವರ್ಷ ದಾಟಿದೆ, ಆ ಕಲ್ಲು ಇನ್ನೂ ಆ ಹುಡುಗನ ಬಾಯಲ್ಲಿ ಅಲ್ಲಾಡುತ್ತಿದೆ. ನಾನು ಗದರಿದರೂ ಬಿಡದೆ ಅವಳು ಹೇಳುತ್ತಿದ್ದಳು ನೋಡು, ಅದರಿಂದ.

ಇದು ಸ್ವಂತ ನೆನಪಲ್ಲ, ಬೇರೆಯವರು ಕೊಟ್ಟದ್ದು, ಅಂತ ನೀನು ಅನ್ನಬಹುದು. ಹೌದು. ಪುಟ್ಟಿ ತನ್ನ ಕಣ್ಣಲ್ಲಿ ಕಂಡ ಅಮ್ಮ ಬೇರೆ, ನೀನು ಹೇಳಿ ಕೊಡುವ ಅಮ್ಮ ಬೇರೆ. ಎರಡೂ ಒಂದೇ ಅಂತ ನಾನು ಹೇಳಲಾರೆ. ಆದರೆ ಇರಲೇ ಇಲ್ಲ ಅನ್ನುವುದಕ್ಕೂ ಇದಕ್ಕೂ ಎಷ್ಟು ದೂರ ಅಂತ ನನಗೆ ಗೊತ್ತು.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ ಒಂದೆರಡು ಮಾತು. ಪುಟ್ಟಿಯ ಅಮ್ಮನ ಧ್ವನಿ ಇರುವ ವಾಟ್ಸಾಪ್ ಮೆಸೇಜುಗಳು ಇವೆ, ಕೇಳುವ ಧೈರ್ಯ ಇಲ್ಲ ಅಂದೆ. ಕೇಳಬೇಡ, ಅವಸರವಿಲ್ಲ. ಆದರೆ ಫೋನೊಂದನ್ನೇ ನಂಬಿಕೊಂಡಿರಬೇಡ. ಇನ್ನೆರಡು ಕಡೆ ಇಟ್ಟುಕೋ. ನಿನ್ನ ಅತ್ತೆಯ ಹತ್ತಿರ ಕೂತು ಅವರ ಮಗಳ ಬಾಲ್ಯದ್ದು ಕೇಳಿ ಬರೆದುಕೋ. ಅವರಿಗೂ ಮಂಡಿನೋವು, ವಯಸ್ಸಾಯಿತು. ಅವರಿಗೆ ಅಳು ಬರುತ್ತೆ ಅಂತ ಮುಂದೆ ಹಾಕಬೇಡ.

ಇನ್ನೊಂದು, ಒಳ್ಳೆಯದನ್ನು ಮಾತ್ರ ಹೇಳಬೇಡ. ಅವಳ ಸಿಟ್ಟನ್ನೂ ಹೇಳು. ಮದುವೆಯಾದ ಹೊಸದರಲ್ಲಿ ನಮ್ಮ ಮನೆಗೆ ಬಂದಾಗ ತಂಬುಳಿಗೆ ಎರಡು ಸಲ ಉಪ್ಪು ಹಾಕಿದಳಲ್ಲ, ಅದನ್ನೂ ಹೇಳು. ಫೋಟೋಕ್ಕೆ ಹಾರ ಹಾಕಿ ಕೈ ಮುಗಿಸಿದರೆ ಮಗುವಿಗೆ ಅಮ್ಮ ಸಿಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಮಧ್ಯದಲ್ಲಿ ನಿನಗೆ ಅಳು ಬಂದರೆ ಬರಲಿ. ಪುಟ್ಟಿ ಹೆದರಬಹುದು. ಎತ್ತಿಕೊಂಡು ಕೂತುಕೋ. ಇಷ್ಟೇ ನನಗೆ ತಿಳಿದದ್ದು.

ಒಂದು ವಿಷಯ ಯಾರಿಗೂ ಹೇಳಿಲ್ಲ. ನಿನ್ನ ದೊಡ್ಡಮ್ಮನನ್ನು ಆಸ್ಪತ್ರೆಗೆ ಜೀಪಿನಲ್ಲಿ ಕರೆದುಕೊಂಡು ಹೋದ ರಾತ್ರಿ, ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಘಟ್ಟದ ತಿರುವಿನಲ್ಲಿ ಕಣ್ಣು ಬಿಟ್ಟು ಹೇಳಿದಳು, 'ಗುಬ್ಬಿಗೆ ಹಾಲು ಕೊಟ್ಟು ಮಲಗಿಸೋಕೆ ಹೇಳಿದ್ರಾ? ಬೆಲ್ಲ ಜಾಸ್ತಿ ಹಾಕಬಾರದು, ಕೆಮ್ಮು ಇದೆ ಅವನಿಗೆ.' ಗುಬ್ಬಿ ಅಂದರೆ ನಿನ್ನ ಅಣ್ಣ. ಆಮೇಲೆ ಅವಳು ಮಾತಾಡಲಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ, ಹಾಸ್ಟೆಲಿಗೆ ಹೊರಟವನು ಚೀಲ ಹೆಗಲಿಗೆ ಹಾಕಿಕೊಂಡು ನಿಂತು ಕೇಳಿದ. 'ಅಪ್ಪಾ, ಅಮ್ಮ ಕೊನೇಲಿ ನನ್ನ ಬಗ್ಗೆ ಏನಾದ್ರೂ ಹೇಳಿದ್ಳಾ?' ಹೇಳಿದರೆ ಗಂಟಲು ಕಟ್ಟುತ್ತದೆ ಅಂತ ಗೊತ್ತಿತ್ತು. ಇಲ್ಲ, ಮಾತಾಡೋ ಹಾಗಿರಲಿಲ್ಲ ಅಂದುಬಿಟ್ಟೆ. ಅವನು ತಲೆಯಾಡಿಸಿ ಬಸ್ಸಿಗೆ ಹೋದ. ಆವತ್ತೇ ಸಂಜೆ ಟ್ರಂಕು ತೆಗೆದು ಫೋಟೋ ಗೋಡೆಗೆ ಹಾಕಿದೆ. ಫೋಟೋ ಹಾಕುವುದು ನನ್ನ ಕೈಲಾಯಿತು, ಮಾತು ಆಗಲಿಲ್ಲ. ಇಪ್ಪತ್ತೊಂದು ವರ್ಷವಾಯಿತು. ಅವನಿಗೀಗ ನಲವತ್ತು. ಆಮೇಲೆ ಅವನು ಮತ್ತೆ ಕೇಳಲೂ ಇಲ್ಲ.

ನಿನ್ನ ಪತ್ರ ಬಂದಾಗಿನಿಂದ ಅವನ ಆ ಮುಖವೇ ಕಣ್ಣೆದುರು. ಪುಟ್ಟಿ ಹಾಗೆ ಚೀಲ ಹಾಕಿಕೊಂಡು ನಿನ್ನ ಮುಂದೆ ನಿಲ್ಲಬಾರದು ಮಗಾ.

ಭಾನುವಾರ ನಿನ್ನ ಅಣ್ಣನಿಗೆ ರಜೆ. ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಬೇಕು ಅಂತಿದ್ದೇನೆ. ಹಾಲು, ಬೆಲ್ಲ, ಕೆಮ್ಮು ಅಂತ ಒಂದು ಚೀಟಿಯಲ್ಲಿ ಬರೆದು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಇತಿ,
ನಿನ್ನ ದೊಡ್ಡಪ್ಪ