ಮಿಜೂಲಾದಲ್ಲಿ ಒಂದು ದಿನ ಕಳೆದ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪ್ರವಾಸದ ಬರಹ ತಲುಪಿತು, ಓದಿದೆ. ಸಿಯಾಟಲ್‌ನಿಂದ ಯೆಲ್ಲೋಸ್ಟೋನ್‌ಗೆ ಕಾರಿನಲ್ಲಿ ಹೋಗುವ ನಮ್ಮವರು ಸಾಮಾನ್ಯವಾಗಿ ಅಮೆರಿಕದ ಮೊಂಟಾನಾ ರಾಜ್ಯದ ಮಿಜೂಲಾದಲ್ಲಿ ರಾತ್ರಿ ಮಲಗಿ ಬೆಳಗ್ಗೆ ಹೊರಟುಬಿಡುತ್ತಾರೆ. ನೀನು ಇಡೀ ದಿನ ಉಳಿದೆ. ನನಗೆ ಅದೇ ದೊಡ್ಡ ಖುಷಿ. ಯೆಲ್ಲೋಸ್ಟೋನ್ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ, ಈ ಊರಿನ ಬಗ್ಗೆ ಕನ್ನಡದಲ್ಲಿ ನಾನು ಏನೂ ಓದಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

"ಊರು ಚಿಕ್ಕದು, ಜನ ತುಂಬಾ ಒಳ್ಳೆಯವರು" ಅಂತ ಮೊದಲ ಪ್ಯಾರಾದಲ್ಲಿ ಬರೆದಿದ್ದೀಯ, ಕೊನೆಯಲ್ಲಿ ಮತ್ತೆ ಬರೆದಿದ್ದೀಯ. ನಾನು ನಂಬುತ್ತೇನೆ. ಆದರೆ ನಿನ್ನನ್ನು ಗೊತ್ತಿಲ್ಲದ ಓದುಗರು ಯಾಕೆ ನಂಬಬೇಕು? ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜಿ ಮಾತಾಡಿಸಿದರು ಅನ್ನುವುದನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯ. ಅವರು ಏನು ಕೇಳಿದರು, ನೀನು ಏನಂದೆ? ಅದನ್ನು ಹಾಗೇ ಬರೆ. ಮತ್ತೆ, ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳಲಿಲ್ಲ ಅಲ್ವಾ? ಆ ಊರಿನ ಬಸ್ಸಿಗೆ 2015ರಿಂದ ಯಾರೂ ದುಡ್ಡು ಕೊಡಬೇಕಿಲ್ಲ. ಸುಮ್ನೆ ಹತ್ತುವುದು, ಇಳಿಯುವುದು. ಕಾರಿಲ್ಲದೆ ಬದುಕುವುದೇ ಕಷ್ಟವಾದ ದೇಶದಲ್ಲಿ ಒಂದು ಸಣ್ಣ ಊರು ಇದನ್ನು ನಡೆಸಿಕೊಂಡು ಬಂದಿದೆ. ಇಂಥದ್ದನ್ನು ಬರೆದರೆ ಒಳ್ಳೆಯ ಜನ ಅಂತ ನೀನು ಹೇಳಲೇಬೇಕಾಗಿಲ್ಲ.

ನದಿ ದಂಡೆಯ ಕ್ಯಾರಸ್ ಪಾರ್ಕಿನಲ್ಲಿ ಮರದ ಕುದುರೆಗಳ ಮೆರ್ರಿ ಗೋ ರೌಂಡ್ ಇದೆ. ನೀನು ಅದಕ್ಕೆ "ಮಕ್ಕಳಿಗೆ ಚೆನ್ನಾಗಿದೆ" ಅಂತ ಒಂದೇ ಸಾಲು ಕೊಟ್ಟಿದ್ದೀಯ. ತಂಗಿ, ಆ ಊರಿನ ಕಥೆಯೇ ಅಲ್ಲಿದೆ! ಚಕ್ ಕಪಾರಿಚ್ ಅನ್ನುವ ಮರಗೆಲಸದವರು 1991ರಲ್ಲಿ ನಗರಸಭೆಯ ಮುಂದೆ ಹೋಗಿ, ಇದಕ್ಕೊಂದು ಜಾಗ ಕೊಡಿ, ಮುಂದೆ ಯಾರೂ ಬಿಚ್ಚಿ ಹಾಕುವುದಿಲ್ಲ ಅಂತ ಮಾತು ಕೊಡಿ, ನಾನು ಕಟ್ಟಿಕೊಡುತ್ತೇನೆ ಅಂದರು. ಆಮೇಲೆ ಊರಿನವರು ಕೆಲಸ ಮುಗಿಸಿಕೊಂಡು ಬಂದು ಉಳಿ ಹಿಡಿದು ಕುದುರೆ ಕೆತ್ತುವುದನ್ನು ಕಲಿತರು, ಶಾಲೆ ಮಕ್ಕಳು ಒಂದೊಂದೇ ಪೆನ್ನಿ ಕೂಡಿಸಿ ಕುದುರೆಗಳಿಗೆ ದುಡ್ಡು ಕೊಟ್ಟರು, ಬಣ್ಣ ಬಳಿಯುವವರು, ಉಜ್ಜಿ ನಯ ಮಾಡುವವರು, ಹಳೆಯ ಯಂತ್ರದ ಭಾಗಗಳನ್ನು ರಿಪೇರಿ ಮಾಡುವವರು ಎಲ್ಲರೂ ಸಂಬಳವಿಲ್ಲದೆ ಸೇರಿಕೊಂಡು 1995ರ ಮೇ ತಿಂಗಳಲ್ಲಿ ಅದನ್ನು ತಿರುಗಿಸಿದರು. ಕೂತವರು ಕೈಚಾಚಿ ಡ್ರ್ಯಾಗನ್ ಬಾಯಿಂದ ಉಂಗುರ ಎಳೆಯುತ್ತಾರೆ, ಹಿತ್ತಾಳೆಯದು ಸಿಕ್ಕಿದರೆ ಇನ್ನೊಂದು ಸುತ್ತು ಪುಕ್ಕಟೆ. ಇದಕ್ಕೆ ಕನಿಷ್ಠ ಒಂದು ಪುಟ ಬೇಕು. ಹೋಟೆಲ್ ತಿಂಡಿಯ ಪುಟ ತೆಗೆದುಬಿಡು, ಜಾಗ ಸಿಗುತ್ತದೆ.

ಶನಿವಾರದ ರೈತರ ಸಂತೆ ನಿನಗೆ ಇಷ್ಟವಾಗಿದೆ. ಅಲ್ಲಿ ತರಕಾರಿ ಮಾರುತ್ತಿದ್ದವರನ್ನು "ಏಷ್ಯಾದ ಕೆಲವರು" ಅಂತ ಬರೆದಿದ್ದೀಯ. ಇಂಥ ಕಡೆ ನಿಲ್ಲಬೇಕು, ಕೇಳಬೇಕು. ಅವರಲ್ಲಿ ತುಂಬಾ ಜನ ಮೊಂಗ್ ಸಮುದಾಯದವರು, ಲಾವೋಸ್‌ನ ಗುಡ್ಡಗಳಿಂದ ಬಂದವರು. ಮಿಜೂಲಾದಲ್ಲಿ ಸ್ಮೋಕ್‌ಜಂಪರ್‌ಗಳು ಅಂತ ಇದ್ದಾರೆ, ಕಾಡಿಗೆ ಬೆಂಕಿ ಬಿದ್ದರೆ ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿದು ಆರಿಸುವವರು. ಅವರಲ್ಲಿ ಕೆಲವರು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಪರವಾಗಿ ಲಾವೋಸ್‌ನ ಗುಪ್ತ ಯುದ್ಧಕ್ಕೆ ಹೋಗಿ ಮೊಂಗ್ ಸೈನಿಕರ ಜೊತೆ ಕೆಲಸ ಮಾಡಿದ್ದರು. 1975ರಲ್ಲಿ ಆ ಯುದ್ಧ ಸೋತ ಮೇಲೆ ಊರು ಬಿಟ್ಟು ಓಡಬೇಕಾದ ಮೊಂಗ್ ಕುಟುಂಬಗಳಲ್ಲಿ ಕೆಲವು ಈ ಚಳಿ ಕಣಿವೆಗೆ ಬಂದು, ಗೊತ್ತಿದ್ದ ಬೇಸಾಯವನ್ನೇ ಮತ್ತೆ ಹಿಡಿದವು. ನೀನು ಕೊಂಡ ಸೊಪ್ಪಿನ ಕಟ್ಟಿನ ಹಿಂದೆ ಇಷ್ಟೆಲ್ಲ ಇದೆ.

ಊರು ಇಷ್ಟವಾದಾಗ ಅದರ ನೋವಿನ ಭಾಗ ಬಿಟ್ಟುಬಿಡಬೇಕು ಅನಿಸುತ್ತದೆ. ಬಿಡಬೇಡ. ನೀನು ಫೋಟೋ ತೆಗೆದ ಹಿಗಿನ್ಸ್ ರಸ್ತೆಯ ಸೇತುವೆಗೆ ಈಗ ಬೇರ್‌ಟ್ರ್ಯಾಕ್ಸ್ ಅಂತ ಹೆಸರು. ಅದು ಆ ಸೀಮೆಯ ಮೂಲನಿವಾಸಿಗಳಾದ ಸೇಲಿಶ್ ಜನರ ಒಂದು ಕುಟುಂಬದ ಹೆಸರು. ಆ ನೆಲ ಅವರದ್ದು. ಪಕ್ಕದ ಬಿಟರ್‌ರೂಟ್ ಕಣಿವೆಯಲ್ಲಿ ಉಳಿದಿದ್ದ ಸೇಲಿಶರನ್ನೂ 1891ರಲ್ಲಿ ಉತ್ತರದಲ್ಲಿ ಮೂಲನಿವಾಸಿಗಳಿಗೆಂದು ಗುರುತಿಸಿದ್ದ ಪ್ರದೇಶಕ್ಕೆ, ಅಂದರೆ ರಿಸರ್ವೇಶನ್‌ಗೆ ಕಳಿಸಿದರು. ಎರಡನೇ ಮಹಾಯುದ್ಧದಲ್ಲಿ ಅದೇ ಊರಿನ ಫೋರ್ಟ್ ಮಿಜೂಲಾದಲ್ಲಿ ಇಟಲಿಯವರನ್ನೂ ಜಪಾನ್ ಮೂಲದವರನ್ನೂ ಕೂಡಿಹಾಕಿದ್ದರು. ಇದನ್ನು ಬರೆದರೆ ಊರಿನ ಮೇಲಿನ ನಿನ್ನ ಪ್ರೀತಿ ಕಮ್ಮಿ ಕಾಣುವುದಿಲ್ಲ.

ಇನ್ನು ಬೆಟ್ಟದ ವಿಷಯ. ಮೌಂಟ್ ಸೆಂಟಿನೆಲ್ ಮೇಲಿನ ಕಾಂಕ್ರೀಟ್ 'ಎಂ' ಅಕ್ಷರದ ತನಕ ಹತ್ತಿದೆ, ಕಾಲು ನೋವು ಬಂತು, "ನೋಟ ಕಣ್ಣಿಗೆ ಹಬ್ಬ" ಅಂತ ಬರೆದೆ. ಆ ಮಾತನ್ನು ದಯವಿಟ್ಟು ಹೊಡೆದು ಹಾಕು, "ನಮ್ಮ ಮಡಿಕೇರಿ ಥರ" ಅನ್ನುವುದನ್ನೂ. ಏನು ಕಂಡಿತು ಅದನ್ನು ಹೇಳು. ನಿನ್ನ ಫೋಟೋದಲ್ಲೇ ಇದೆ, ಹಿಗ್ಗಿಸಿ ನೋಡು: ಎದುರಿನ ಮೌಂಟ್ ಜಂಬೋ ಮೈಮೇಲೆ ಒಂದರ ಮೇಲೊಂದು ಅಡ್ಡ ಗೆರೆಗಳು. ಬೇಸಿಗೆಯಲ್ಲಿ ಕೆಆರ್‌ಎಸ್ ನೀರು ಇಳಿದಾಗ ದಂಡೆಯಲ್ಲಿ ಗೆರೆ ಉಳಿಯುತ್ತದಲ್ಲ, ಹಾಗೆ. ಸುಮಾರು 15,000 ವರ್ಷಗಳ ಹಿಂದೆ ಹಿಮನದಿಯ ಮಂಜುಗಡ್ಡೆ ಪಕ್ಕದ ಇಡಾಹೋ ರಾಜ್ಯದ ಕಡೆ ನದಿಗೆ ಅಡ್ಡ ಬಂದು ಅಣೆಕಟ್ಟಿನಂತೆ ನಿಂತಿತ್ತು. ಆ ಕಟ್ಟೆಯ ಹಿಂಬದಿಯಲ್ಲಿ ನೀರು ತುಂಬಿ, ಈಗ ಊರಿರುವ ಜಾಗ ಸುಮಾರು 950 ಅಡಿ ಆಳದಲ್ಲಿ ಮುಳುಗಿತ್ತು. ಆ ಕಟ್ಟೆ ಒಂದು ಸಲವಲ್ಲ, ಮತ್ತೆ ಮತ್ತೆ ಒಡೆಯಿತು, ಒಡೆದಾಗಲೆಲ್ಲ ಅಷ್ಟೂ ನೀರು ಪಶ್ಚಿಮಕ್ಕೆ ನುಗ್ಗಿ ವಾಷಿಂಗ್ಟನ್ ರಾಜ್ಯದ ಪೂರ್ವ ಭಾಗದ ಹಲವೆಡೆ ಮಣ್ಣನ್ನು ಕಿತ್ತುಕೊಂಡು ಸಮುದ್ರದ ಕಡೆ ಹೋಯಿತು. ಜೆ. ಹಾರ್ಲೆನ್ ಬ್ರೆಟ್ಜ್ ಅನ್ನುವ ಭೂವಿಜ್ಞಾನಿ 1920ರ ದಶಕದಲ್ಲಿ ಅಲ್ಲಿನ ಬಂಡೆಗಳನ್ನು ನಡೆದು ನೋಡಿ, ಇದು ಮಹಾಪ್ರವಾಹದ ಕೆಲಸ ಅಂದರೆ ದಶಕಗಳ ಕಾಲ ಜೊತೆಯವರು ಒಪ್ಪಲಿಲ್ಲ.

ಈಗ ನಿನ್ನದೇ ಎರಡನೇ ಪುಟ ತೆಗೆ. ಸಿಯಾಟಲ್‌ನಿಂದ ಬರುವಾಗ "ಸ್ಪೊಕೇನ್ ತನಕ ಬರಡು ಬಂಡೆ, ನೋಡಲು ಏನೂ ಇಲ್ಲ, ನಿದ್ದೆ ಮಾಡಿದೆ" ಅಂತ ಬರೆದಿದ್ದೀಯ. ಆ ದಾರಿ ಇರುವುದು ಅದೇ ಪೂರ್ವ ವಾಷಿಂಗ್ಟನ್ನಿನಲ್ಲಿ, ಆ ಬಂಡೆಗಳನ್ನು ಬರಿದು ಮಾಡಿದ್ದು ಈ ಕಣಿವೆಯಲ್ಲಿ ನಿಂತಿದ್ದ ನೀರೇ! ನಿನಗೆ ಬೇಸರ ತಂದ ದಾರಿ ಮತ್ತು ನೀನು ಹತ್ತಿದ ಬೆಟ್ಟ ಒಂದೇ ಕಥೆಯ ಎರಡು ತುದಿಗಳು. ನನ್ನನ್ನು ಕೇಳಿದರೆ ಬರಹ ಶುರುವಾಗಬೇಕಾದ್ದೇ ಆ ಬಂಡೆಗಳಿಂದ. ಒಂದು ದಿನದಲ್ಲಿ ಒಂದು ಊರು ಪೂರ್ತಿ ಗೊತ್ತಾಗುವುದಿಲ್ಲ, ಗೊತ್ತಾದಂತೆ ಬರೆಯುವುದೂ ಬೇಡ. ನೋಡಿದ ಮೂರು ನಾಲ್ಕು ವಸ್ತುಗಳ ಹತ್ತಿರ ನಿಂತು, ಇದನ್ನು ಯಾರು ಮಾಡಿದರು, ಇದು ಇಲ್ಲಿಗೆ ಹೇಗೆ ಬಂತು ಅಂತ ಹಟ ಹಿಡಿದು ಕೇಳಿದರೆ ಸಾಕು. ಮನೆಗೆ ಬಂದ ಮೇಲೂ ಕೇಳಬಹುದು.

ಇನ್ನೊಂದು ಮಾತು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂತ ಗಡಿಯಾರದ ಪ್ರಕಾರ ಬರೆಯಬೇಡ, ಯಾವುದು ಜಾಸ್ತಿ ಕಾಡುತ್ತಿದೆಯೋ ಅದಕ್ಕೆ ಜಾಸ್ತಿ ಜಾಗ ಕೊಡು.

ತಿದ್ದಿ ಕಳಿಸು, ಅವಸರ ಇಲ್ಲ. ಜಂಬೋ ಬೆಟ್ಟದ ಆ ಫೋಟೋ ಜೊತೆಗೆ ಇರಲಿ. ಆ ಅಜ್ಜಿ ಏನು ಕೇಳಿದರು ಅಂತ ಮಾತ್ರ ಮರೆಯುವ ಮುಂಚೆ ಇವತ್ತೇ ಬರೆದಿಟ್ಟುಕೋ.

ನಿನ್ನ ಅಕ್ಕ