ಲಾರಿ, ಬಸ್ಸು ರಾತ್ರಿ ಎಲ್ಲಿ ನಿಲ್ಲಬೇಕು?

ಮಾನ್ಯ ಸಂಪಾದಕರೇ,

ವಸತಿ ಬೀದಿಗಳಲ್ಲಿ ಲಾರಿ, ಬಸ್ಸು ನಿಲ್ಲಿಸುತ್ತಾರೆಂದು ದೂರು ಬಂದಾಗ ‘ಭಾರಿ ವಾಹನ ನಿಲುಗಡೆ ನಿಷೇಧ’ ಎಂಬ ಫಲಕ ನೆಟ್ಟು ಕೈತೊಳೆದುಕೊಳ್ಳುವುದು ವಾಡಿಕೆ. ಭಾರಿ ಎಂದರೆ ಎಷ್ಟು ಟನ್, ಎಷ್ಟು ಹೊತ್ತು ನಿಂತರೆ ತಪ್ಪು, ಎಬ್ಬಿಸಿದ ಗಾಡಿ ಎಲ್ಲಿಗೆ ಹೋಗಬೇಕು ಎಂಬುದನ್ನು ಫಲಕ ಹೇಳುವುದಿಲ್ಲ.

20 ಅಡಿ ರಸ್ತೆಯ ಲೆಕ್ಕ ನೋಡಿ. ಲಾರಿಗೇ ಎಂಟೂವರೆ ಅಡಿ ಹೋಯಿತು. ಎದುರು ಬದಿಯ ಕಾರಿಗೆ 6 ಅಡಿ. ಉಳಿದ ಐದೂವರೆ ಅಡಿಯಲ್ಲಿ, 8 ಅಡಿಗೂ ಅಗಲವಾದ ಅಗ್ನಿಶಾಮಕ ವಾಹನ ನುಗ್ಗುವುದು ಹೇಗೆ? 12 ಮೀಟರ್ ಉದ್ದದ ಬಸ್ಸು ತಿರುವಿನಲ್ಲಿ ನಿಂತರಂತೂ ಅಡ್ಡರಸ್ತೆಯಿಂದ ಬರುವವರು ಗಾಡಿಯ ಮೂತಿ ಹೊರಗೆ ಚಾಚಿದ ಮೇಲೆಯೇ ಎದುರಿನದು ಕಾಣುವುದು.

ಬಡಾವಣೆಗಳ ಚರಂಡಿಗೆ ಹಾಸಿದ ಚಪ್ಪಡಿ ಸಾಮಾನ್ಯವಾಗಿ ನಡೆಯುವವರಿಗಾಗಿ ಇರುವಂಥದ್ದು. ಹಿಂದಿನ ಆಕ್ಸಲ್ ಮೇಲೆ 10 ಟನ್ ಇದ್ದರೆ ಒಂದು ಬದಿಯ ಜೋಡಿ ಟೈರು 5 ಟನ್ನನ್ನು ಅದರ ಮೇಲೆ ಹೇರುತ್ತದೆ. ಬಿರುಕು ಶುರುವಾಗುವುದು ಚಪ್ಪಡಿಯ ಅಡಿಯಲ್ಲಿ, ಹಾಗಾಗಿ ಯಾರದೋ ಕಾಲು ಒಳಗಿಳಿಯುವವರೆಗೆ ಗೊತ್ತೇ ಆಗುವುದಿಲ್ಲ. ತೊಟ್ಟಿಕ್ಕುವ ಡೀಸೆಲ್ ಡಾಂಬರನ್ನು ಕರಗಿಸಿ ಜಲ್ಲಿ ಸಡಿಲಿಸುತ್ತದೆ.

ಬೆಳಗಿನ ಜಾವದ ಗದ್ದಲಕ್ಕೆ ಚಾಲಕರನ್ನು ಬೈಯುವುದು ಸುಲಭ. ಆದರೆ ರಾತ್ರಿಯಿಡೀ ನಿಂತ ಗಾಡಿಯ ಏರ್ ಬ್ರೇಕ್ ಜೋಡಣೆಗಳಲ್ಲಿ ಗಾಳಿ ಸೋರಿ ಟ್ಯಾಂಕಿನ ಒತ್ತಡ ಇಳಿದಿರುತ್ತದೆ. ಅದು ಮತ್ತೆ ಏರುವವರೆಗೆ ಸ್ಪ್ರಿಂಗಿನ ಪಾರ್ಕಿಂಗ್ ಬ್ರೇಕ್ ಬಿಡುವುದಿಲ್ಲ. ಚಾಲಕ ಆಕ್ಸಿಲರೇಟರ್ ಒತ್ತುತ್ತಾ, ಒತ್ತಡ ಸಾಲದೆಂದು ಕೂಗುವ ಬಜರ್ ನಿಲ್ಲುವುದನ್ನೇ ಕಾಯುತ್ತಾನೆ. ತಪ್ಪು ಹೆಚ್ಚಾಗಿ ಸೋರಿಕೆ ಸರಿಪಡಿಸದ ಮಾಲೀಕನದು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 127ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಹೆಚ್ಚು ಹೊತ್ತು ಹಾಗೇ ಬಿಟ್ಟುಹೋದ ವಾಹನವನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಆದೇಶಿಸಬಹುದು. ರಾತ್ರಿ 9ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೊರಡುವ ಲಾರಿ ನಿಂತದ್ದು 9 ಗಂಟೆ ಮಾತ್ರ! ಆದರೆ ಅದೇ ಸೆಕ್ಷನ್ನಿನಲ್ಲಿ, ನಿಲುಗಡೆ ಕಾನೂನುಬದ್ಧವಾಗಿ ನಿಷಿದ್ಧವಾದ ಜಾಗಕ್ಕೆ ಈ 10 ಗಂಟೆಯ ಮಿತಿ ಇಲ್ಲ. ಆದ್ದರಿಂದ ಫಲಕಕ್ಕಿಂತ ಮೊದಲು ಬೇಕಾದದ್ದು ಅದರ ಹಿಂದಿನ ಆದೇಶ. ಆದೇಶದಲ್ಲಿ ತೂಕ, ಉದ್ದ, ಅವಧಿ ಮೂರೂ ಇರಬೇಕು. ಆಸ್ಟ್ರೇಲಿಯಾದ ರಸ್ತೆ ನಿಯಮದಲ್ಲಿ ಇವು ಸ್ಪಷ್ಟ: 4.5 ಟನ್ ಅಥವಾ 7.5 ಮೀಟರ್ ಮುಟ್ಟಿದ ಗಾಡಿ ಜನವಸತಿಯಲ್ಲಿ 1 ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ಸರಕು ಇಳಿಸುವವರಿಗೆ ವಿನಾಯಿತಿ ಉಂಟು. ಮನೆ ಸಾಮಾನು ತಂದ ಲಾರಿಯನ್ನು ಓಡಿಸುವ ನಿಯಮ ಯಾರಿಗೂ ಬೇಡ.

ಓಡಿಸಿದ ಗಾಡಿ ಪಕ್ಕದ ಬೀದಿಗೆ ಹೋಗಿ ನಿಂತರೆ ಏನು ಬಂತು? ಬ್ರಿಟನ್ನಿನಲ್ಲಿ 3.5 ಟನ್ ಮೀರಿದ ಸರಕು ವಾಹನಗಳ ಲೈಸೆನ್ಸಿಗೆ ಅರ್ಜಿ ಹಾಕುವಾಗಲೇ ಅವು ಎಲ್ಲಿ ನಿಲ್ಲುತ್ತವೆ ಎಂದು ತೋರಿಸಬೇಕು, ಅಕ್ಕಪಕ್ಕದವರು ಆಕ್ಷೇಪಿಸಬಹುದು. ನಮ್ಮಲ್ಲೂ ಪರ್ಮಿಟ್ ನವೀಕರಣಕ್ಕೆ ಇದನ್ನು ಜೋಡಿಸಬೇಕು. ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ನಿಲುಗಡೆ ಜಾಗ ಗೊತ್ತುಮಾಡುವ ಅಧಿಕಾರ 117ನೇ ಸೆಕ್ಷನ್ನಿನಲ್ಲಿ ಸರ್ಕಾರಕ್ಕೆ ಇದ್ದೇ ಇದೆ. ಆ ಜಾಗದಲ್ಲಿ ದೀಪ, ಕಾವಲು, ಶೌಚಾಲಯ ಇಲ್ಲದಿದ್ದರೆ ಬ್ಯಾಟರಿ, ಡೀಸೆಲ್, ಸ್ಟೆಪ್ನಿ ಕಳವಾಗುತ್ತವೆ. ಚಾಲಕ ಮತ್ತೆ ಮನೆ ಮುಂದೆಯೇ ತಂದು ನಿಲ್ಲಿಸುತ್ತಾನೆ.

ದೂರು ಕೊಡುವವರಿಗೆ ಒಂದು ಮಾತು. ಒಂದೇ ಫೋಟೊ ಸಾಲದು, ‘ಈಗಷ್ಟೇ ಬಂದೆ’ ಎಂದರೆ ಮುಗಿಯಿತು. ಸಮಯ ನಮೂದಾಗುವಂತೆ, ನಂಬರ್ ಪ್ಲೇಟಿನ ಜೊತೆ ಮುಂದಿನ ಮತ್ತು ಹಿಂದಿನ ಚಕ್ರದ ಗಾಳಿ ವಾಲ್ವ್ ಎತ್ತ ಇದೆಯೆಂದು ಕಾಣುವ ಹಾಗೆ ರಾತ್ರಿಯೊಮ್ಮೆ, ಬೆಳಿಗ್ಗೆಯೊಮ್ಮೆ ತೆಗೆಯಿರಿ. ಹೋಗಿ ಬಂದ ಗಾಡಿಯ ಎರಡೂ ವಾಲ್ವ್ ಮೊದಲಿದ್ದಲ್ಲೇ ನಿಲ್ಲುವುದು ಅಪರೂಪ.

— ಒಬ್ಬ ಓದುಗ