ಟೈಟಾನಿಕ್ ದುರಂತ: ಬರೀ ಉಕ್ಕನ್ನು ದೂರಬೇಡಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಟೈಟಾನಿಕ್ ಬಗ್ಗೆ ಪತ್ರಿಕೆಗಳಲ್ಲಿ ಲೇಖನ ಬಂದೇ ಬರುತ್ತದೆ. ‘ಕಳಪೆ ಉಕ್ಕಿನಿಂದ ಹಡಗು ಮುಳುಗಿತು’ ಎಂಬ ಸಾಲೂ ಅದರಲ್ಲಿರುತ್ತದೆ. ಪಾಲಿಟೆಕ್ನಿಕ್‌ನ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ನಲ್ಲಿ ಇಡೀ ಸರ್ವಿಸ್ ಕಳೆದ ನನಗೆ ಅದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ನಮ್ಮ ಡಿಪ್ಲೊಮಾ ಹುಡುಗರು ಅದನ್ನೇ ನಂಬಿಬಿಡುತ್ತಾರೆ.

ಉಕ್ಕಿನ ಮಾತು ಪೂರ್ತಿ ಸುಳ್ಳಲ್ಲ. 1985ರಲ್ಲಿ ಹಡಗಿನ ಅವಶೇಷ ಪತ್ತೆಯಾಯಿತು. ಆಮೇಲೆ ಮೇಲೆತ್ತಿದ ತುಂಡುಗಳಲ್ಲಿ ಗಂಧಕ ಜಾಸ್ತಿ, ಮ್ಯಾಂಗನೀಸ್ ಕಡಿಮೆ ಇತ್ತು. ಇಂಥ ಉಕ್ಕು ಚಳಿಗೆ ಪೆಡಸಾಗುತ್ತದೆ. ಇದನ್ನು ನೋಡಲು ಲ್ಯಾಬ್‌ನಲ್ಲಿ ಚಾರ್ಪಿ ಟೆಸ್ಟ್ ಇದೆ. ಕಚ್ಚು ಕೊಯ್ದ ಚಿಕ್ಕ ಸರಳನ್ನು ಮೆಷಿನ್‌ಗಿಟ್ಟು, ಮೇಲಿನಿಂದ ತೂಗುವ ಸುತ್ತಿಗೆ ಬಿಡುತ್ತೇವೆ. ಬೆಚ್ಚಗಿರುವ ಸರಳು ಬಾಗಿ, ನಾರು ನಾರಾಗಿ ಹರಿಯುತ್ತದೆ. ಚೆನ್ನಾಗಿ ತಣ್ಣಗಾದದ್ದು ಸೀಮೆಸುಣ್ಣದ ಹಾಗೆ ಟಕ್ಕನೆ ಮುರಿಯುತ್ತದೆ; ಮುರಿದ ಮುಖದಲ್ಲಿ ಹರಳು ಹರಳು ಮಿನುಗುತ್ತದೆ. 1912ರಲ್ಲಿ ಹಡಗು ಹಿಮಗಡ್ಡೆಗೆ ತಾಗಿದ ಆ ರಾತ್ರಿ ಸಮುದ್ರದ ನೀರು ಸುಮಾರು ಮೈನಸ್ 2 ಡಿಗ್ರಿ ಇತ್ತು.

ಆದರೂ ಆ ಕಾಲದ ಮಟ್ಟಿಗೆ ಅದು ಒಳ್ಳೆಯ ಉಕ್ಕೇ. ಟೈಟಾನಿಕ್ ಕಟ್ಟಿದ ಬೆಲ್‌ಫಾಸ್ಟ್‌ನ ಅದೇ ಯಾರ್ಡ್‌ನಲ್ಲಿ ಅದೇ ಬಗೆಯ ಪ್ಲೇಟ್‌ಗಳಿಂದ ಕಟ್ಟಿದ ಅದರ ಜೋಡಿ ಹಡಗು ಒಲಿಂಪಿಕ್ 1911ರಲ್ಲಿ ಯುದ್ಧನೌಕೆಗೆ ಡಿಕ್ಕಿಯಾಗಿಯೂ ದಡ ಸೇರಿತು. 1935ರವರೆಗೆ ಓಡಿತು.

ನೋಡಬೇಕಾದದ್ದು ರಿವೆಟ್, ಅಂದರೆ ಪ್ಲೇಟ್‌ಗಳನ್ನು ಒಂದಕ್ಕೊಂದು ಜೋಡಿಸುವ, ತಲೆ ಬಡಿದು ಕೂರಿಸುವ ಲೋಹದ ಮೊಳೆ. ಹಡಗಿನಲ್ಲಿ ಸುಮಾರು 30 ಲಕ್ಷ ರಿವೆಟ್‌ಗಳಿದ್ದವು. ನಡುಭಾಗಕ್ಕೆ ಉಕ್ಕಿನವು, ಹೈಡ್ರಾಲಿಕ್ ಮೆಷಿನ್‌ನಲ್ಲಿ ಒತ್ತಿದ್ದು. ಮುಂದಿನ ಮತ್ತು ಹಿಂದಿನ ತುದಿಗಳಲ್ಲಿ ಆ ಮೆಷಿನ್‌ಗೆ ಕೆಲಸ ಮಾಡಲು ಜಾಗ ಸಾಲದು. ಅಲ್ಲಿಗೆ ರಾಟ್ ಐರನ್ (ಮೆದು ಕಬ್ಬಿಣ) ರಿವೆಟ್ ಹಾಕಿ ಕೈಯಿಂದ ಬಡಿದರು. ಸಿಕ್ಕ ಕೆಲವು ರಿವೆಟ್‌ಗಳಲ್ಲಿ ಕಿಟ್ಟ (ಕಬ್ಬಿಣ ತಯಾರಿಸುವಾಗ ಒಳಗೆ ಉಳಿಯುವ ಗಾಜಿನಂಥ ಕಲ್ಮಶ) ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇತ್ತು. ಸರಳಿನ ಉದ್ದಕ್ಕೆ ಎಳೆ ಎಳೆಯಾಗಿ ಮಲಗಿದ್ದ ಕಿಟ್ಟ, ತಲೆ ಬಡಿಯುವಾಗ ಅಡ್ಡಕ್ಕೆ ತಿರುಗುತ್ತದೆ. ಎಳೆತ ಬಿದ್ದರೆ ತಲೆ ಅಲ್ಲೇ ಹಾರುತ್ತದೆ. ಒಂದು ತಲೆ ಹಾರಿದರೆ ಅದರ ಭಾರ ಪಕ್ಕದ್ದಕ್ಕೆ, ಅಲ್ವಾ? ಹಾಗೇ ಜೋಡಣೆಯ ಸಾಲು ಬಿಟ್ಟುಕೊಂಡಿರಬೇಕು ಎಂಬ ಸಂಶೋಧಕರ ವಾದ ನನಗೆ ಒಪ್ಪಿಗೆಯಾಗುತ್ತದೆ. ಹಿಮಗಡ್ಡೆ ಉಜ್ಜಿದ್ದೂ ಮುಂಭಾಗವನ್ನೇ. ಅದು ಪಕ್ಕವನ್ನು ಉದ್ದಕ್ಕೂ ಸೀಳಿತು ಎಂದು ಬಹಳ ಕಾಲ ಎಲ್ಲರೂ ನಂಬಿದ್ದರು. 1996ರ ಸೋನಾರ್ ತಪಾಸಣೆಯಲ್ಲಿ ಕಂಡದ್ದು ಆರು ಸಣ್ಣ ಸೀಳುಗಳು. ಯಾರ್ಡ್‌ನ ಹಡಗು ವಿನ್ಯಾಸಕ ಎಡ್ವರ್ಡ್ ವೈಲ್ಡಿಂಗ್ ಅವರು 1912ರ ವಿಚಾರಣೆಯಲ್ಲೇ ನೀರು ನುಗ್ಗಿದ ವೇಗದಿಂದ ಲೆಕ್ಕ ಹಾಕಿ, ತೂತೆಲ್ಲ ಸೇರಿದರೂ ಸುಮಾರು 12 ಚದರಡಿ ಅಂದಿದ್ದರು.

ಅಷ್ಟು ಸಾಕಾಗಿದ್ದು ವಿನ್ಯಾಸದ ಕಾರಣಕ್ಕೆ. ಹಡಗಿನ ಕೆಳಭಾಗವನ್ನು ಅಡ್ಡಗೋಡೆಗಳಿಂದ 16 ಕೋಣೆ ಮಾಡಿದ್ದರು. ಮುಂದಿನ ನಾಲ್ಕು ತುಂಬಿದರೂ ತೇಲುತ್ತಿತ್ತು. ಅದಕ್ಕಿಂತ ಹೆಚ್ಚು ಕೋಣೆಗಳಿಗೆ ನೀರು ಬಂತು. ಗೋಡೆಗಳನ್ನು ಮೇಲಿನ ಡೆಕ್‌ವರೆಗೆ ಏರಿಸಿರಲಿಲ್ಲ. ಮೂತಿ ತಗ್ಗಿದಂತೆ ಒಂದರ ನೀರು ಗೋಡೆ ಹತ್ತಿ ಇನ್ನೊಂದಕ್ಕೆ ಇಳಿಯಿತು. ಸುಮಾರು 1,500 ಜನ ಸತ್ತ ಮೇಲೆ ಒಲಿಂಪಿಕ್‌ನ ಗೋಡೆಗಳನ್ನು ಎತ್ತರಿಸಿದರು, ಪಕ್ಕಗಳಿಗೆ ಒಳಪದರ ಹಾಕಿದರು. ಈ ಭಾಗ ನಮ್ಮ ಲೇಖನಗಳಲ್ಲಿ ಯಾಕೆ ಬರುವುದಿಲ್ಲ?

ಮುಂದಿನ ಏಪ್ರಿಲ್‌ನಲ್ಲಿ ಬರೆಸುವಾಗ ಅಡ್ಡಗೋಡೆಗಳ ಒಂದು ನಕ್ಷೆ, ರಿವೆಟ್ ಕೊಯ್ದು ತೋರಿಸುವ ಒಂದು ಚಿತ್ರ ದಯವಿಟ್ಟು ಹಾಕಿ. ಹುಡುಗರು ಕತ್ತರಿಸಿ ಲ್ಯಾಬ್‌ನ ಬೋರ್ಡಿಗೆ ಅಂಟಿಸುತ್ತಾರೆ.

— ನಿವೃತ್ತ ಲ್ಯಾಬ್ ಬೋಧಕ, ದಾವಣಗೆರೆ